ಕಪ್ಪು ಪರದೆಯ ಹಿಂದಿನ ಚರಿತ್ರೆ

ಲಿನಕ್ಸ್ ಅಳವಡಿಸಿದ ಗಣಕಯಂತ್ರದಲ್ಲಿ ಬಣ್ಣದ ಕಿಟಕಿಗಳು ಮೂಡದೆ, ಕಪ್ಪು ಪರದೆಯ ಮೂಲೆಯಲ್ಲಿ ‘ಲಾಗಿನ್’ ಎಂಬ ಪದವೊಂದೇ ನಿಂತರೆ ಯಂತ್ರವೇ ಕೆಟ್ಟಿತೆಂದು ಹಲವರು ಭಾವಿಸುತ್ತಾರೆ. ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಹೀಗೆಯೇ ಗಾಬರಿಯಿಂದ ದೂರವಾಣಿ ಮಾಡಿದ್ದ. “ಕೆಟ್ಟಿಲ್ಲಪ್ಪಾ, ಮೇಲಿನ ಗಾರೆ ಉದುರಿ ಒಳಗಿನ ಕಲ್ಲುಗೋಡೆ ಕಾಣುತ್ತಿದೆ, ಅಷ್ಟೆ” ಎಂದೆ. ಆ ಗೋಡೆಯ ಚರಿತ್ರೆಯನ್ನು ನಿಮಗೆಲ್ಲ ಹೇಳಬೇಕೆನಿಸಿತು.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯುನಿಕ್ಸ್ ರಚನೆಗೆ ತೊಡಗಿದರು. ಅವರು ಬಳಸುತ್ತಿದ್ದುದು ಟೆಲಿಟೈಪ್. ನಮ್ಮ ತಂತಿ ಕಚೇರಿಗಳಲ್ಲಿದ್ದ ಟೆಲಿಪ್ರಿಂಟರಿನ ಸೋದರ. ಅದರ ‘ಮಾಡೆಲ್ 33’ ಸೆಕೆಂಡಿಗೆ 10 ಅಕ್ಷರಗಳನ್ನು ಕಾಗದದ ಸುರುಳಿಯ ಮೇಲೆ ಒತ್ತುತ್ತಿತ್ತು. ಇಂದಿನ ಕನ್ಸೋಲಿಗೂ ‘ಟಿಟಿವೈ’ ಎಂಬ ಹೆಸರಿದೆಯಷ್ಟೆ? ಅದು ಟೆಲಿಟೈಪಿನ ಹ್ರಸ್ವರೂಪ. ಕಾಗದ ಹೋಯಿತು, ಹೆಸರು ಉಳಿಯಿತು.

ಚಿತ್ರಮಯ ಪರದೆ ಇದಕ್ಕೆ ಬಹಳ ಕಿರಿಯದು. 1984ರಲ್ಲಿ ಎಂಐಟಿ ಸಂಸ್ಥೆಯಲ್ಲಿ ರಾಬರ್ಟ್ ಶೈಫ್ಲರ್, ಸ್ಟ್ಯಾನ್‌ಫರ್ಡಿನಿಂದ ಬಂದ ‘ಡಬ್ಲ್ಯು’ ಎಂಬ ವ್ಯವಸ್ಥೆಯನ್ನು ತಿದ್ದಿ, ವರ್ಣಮಾಲೆಯ ಮುಂದಿನ ಅಕ್ಷರವಾದ ‘ಎಕ್ಸ್’ ಎಂದು ಹೆಸರಿಟ್ಟರು. 1987ರಲ್ಲಿ ಬಂದ ಅದರ 11ನೆಯ ಆವೃತ್ತಿಯೇ ಮುಂದೆ ದಶಕಗಳ ಕಾಲ ಆಳಿತು. ಇಲ್ಲಿ ಗಮನಿಸಬೇಕಾದುದು ಒಂದಿದೆ. ಎಕ್ಸ್ ಯುನಿಕ್ಸಿನ ತಿರುಳಿನ ಭಾಗವಲ್ಲ. ಅದರ ಮೇಲೆ ನಡೆಯುವ ಒಂದು ಕ್ರಮವಿಧಿ ಮಾತ್ರ. ಆದುದರಿಂದಲೇ ಅದು ಬಿದ್ದರೂ ಸಾಮಾನ್ಯವಾಗಿ ಮನೆ ಬೀಳುವುದಿಲ್ಲ. ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಹಳೆಯ ಕನ್ಸೋಲು ಓಗೊಡುತ್ತದೆ.

ನಿಜವಾದ ತಪಸ್ಸು ಆರಂಭವಾದದ್ದು 1992ರಲ್ಲಿ, ಸಾಮಾನ್ಯರ ಗಣಕಯಂತ್ರಗಳಿಗಾಗಿ ‘ಎಕ್ಸ್‌ಫ್ರೀ86’ ಹುಟ್ಟಿದಾಗ. ಪರದೆಯ ಸಾಮರ್ಥ್ಯವೇನೆಂದು ಯಂತ್ರಕ್ಕೆ ತಿಳಿಯದು. ನಾವೇ ಕಡತವೊಂದರಲ್ಲಿ ಬರೆದುಕೊಡಬೇಕು. ಗಣಿತ ಕಲಿತವರು ಲೆಕ್ಕ ಹಾಕಿ. 640×480ರ ಚಿತ್ರದಲ್ಲಿ ಕಾಣುವ ಗೆರೆಗಳು 480. ಎಲೆಕ್ಟ್ರಾನ್ ಕಿರಣ ಕೆಳಗಿನಿಂದ ಮೇಲಕ್ಕೆ ಮರಳುವ ಅವಧಿಯನ್ನೂ ಸೇರಿಸಿದರೆ 525. ಸೆಕೆಂಡಿಗೆ 60 ಬಾರಿ ಚಿತ್ರ ಬರೆದರೆ 31,500 ಗೆರೆಗಳು, ಅಂದರೆ 31.5 ಕಿಲೋಹರ್ಟ್ಸ್. ಈ ಅಂಕಿ ಮಾನಿಟರಿನ ಮಿತಿಯನ್ನು ಮೀರಿದರೆ ಚಿತ್ರ ಹರಿದುಹೋಗುತ್ತಿತ್ತು. ಕೆಲವು ಹಳೆಯ ಮಾನಿಟರುಗಳು ಸುಟ್ಟುಹೋಗುವ ಭಯವೂ ಇತ್ತು. ನಾನಿದ್ದ ಶಾಲೆಗೆ ದಾನವಾಗಿ ಬಂದ ಯಂತ್ರಗಳೊಂದಿಗೆ ಕೈಪಿಡಿಯೇ ಬಂದಿರಲಿಲ್ಲ. ದಾನಿಗಳಿಗೆ ಕೈಪಿಡಿಯೂ ಯಂತ್ರದ ಅಂಗವೆಂದು ತೋರುವುದಿಲ್ಲವೇನೋ! ಅತಿ ಕಡಿಮೆ ಅಳತೆಯಿಂದ ತೊಡಗಿ, ದಾಖಲೆಯ ಕಡತದಲ್ಲಿ ‘ಇಇ’ ಎಂದು ಗುರುತಾದ ದೋಷದ ಸಾಲುಗಳನ್ನು ಓದುತ್ತ ಒಂದೊಂದೇ ಮೆಟ್ಟಿಲು ಏರಬೇಕಾಗಿತ್ತು.

ಮಾನಿಟರ್ ತನ್ನ ಪರಿಚಯವನ್ನು 128 ಬೈಟುಗಳಲ್ಲಿ ತಾನೇ ಹೇಳಿಕೊಳ್ಳುವ ಪದ್ಧತಿ 1994ರಲ್ಲಿಯೇ ರೂಪುಗೊಂಡಿತ್ತು. ಅದು ಎಲ್ಲೆಡೆ ಹರಡಿದ ಮೇಲೆ ಈ ಕಷ್ಟ ನೀಗಿತು. 2004ರಲ್ಲಿ ಪರವಾನಗಿಯ ಜಗಳದಿಂದ ಬಳಗ ಒಡೆದು, ಬಹುಪಾಲು ಜನ ‘ಎಕ್ಸ್.ಆರ್ಗ್’ ಕಡೆಗೆ ನಡೆದರು. 2008ರಲ್ಲಿ ‘ವೇಲ್ಯಾಂಡ್’ ಆರಂಭವಾಯಿತು. 2009ರಿಂದ ಪರದೆಯ ಅಳತೆ ನಿರ್ಧರಿಸುವ ಕೆಲಸವನ್ನು ಲಿನಕ್ಸಿನ ತಿರುಳೇ ವಹಿಸಿಕೊಳ್ಳತೊಡಗಿತು. ಅದು ಎಡವಿದಾಗ ಆರಂಭದಲ್ಲಿಯೇ ‘ನೋಮೋಡ್‌ಸೆಟ್’ ಎಂದು ಬರೆದು ತಡೆಯುವ ಉಪಾಯ ಇಂದಿಗೂ ಉಂಟು. ಒಮ್ಮೊಮ್ಮೆ ಚಿತ್ರದ ಚಾಲಕವನ್ನು ಶಂಕಿಸುವ ಮುನ್ನ ಡಿಸ್ಕ್ ತುಂಬಿದೆಯೇ ಎಂದು ನೋಡುವುದೂ ಒಳ್ಳೆಯದು. ಅದೂ ಡೆಸ್ಕ್‌ಟಾಪನ್ನು ತಡೆಯಬಲ್ಲದು.

ನನ್ನನ್ನು ಹೆಚ್ಚು ಕಾಡುವುದು ಬೇರೊಂದು ಸಂಗತಿ. ಸ್ವಯಂಸೇವಕರು ಶ್ರಮಪಟ್ಟು ‘ಗ್ನೋಮ್’, ‘ಕೆಡಿಇ’ಗಳ ಸಂದೇಶಗಳನ್ನು ಕನ್ನಡಕ್ಕೆ ತಂದಿದ್ದಾರೆ. ಆದರೆ ಚಿತ್ರಪರದೆ ಬಿದ್ದೊಡನೆ ಕನ್ನಡವೂ ಬೀಳುತ್ತದೆ. ತಿರುಳಿನ ಕನ್ಸೋಲು ಒಟ್ಟು 512 ಅಕ್ಷರರೂಪಗಳನ್ನಷ್ಟೇ ಬಲ್ಲದು. ಟೆಲಿಟೈಪಿನಂತೆ ಸಾಲಾಗಿ ಮನೆಗೊಂದು ಅಕ್ಷರ ಕೂರಿಸುತ್ತದೆ. ನಮ್ಮ ‘ಸ್ತ್ರೀ’ ಎಂಬುದು ಯೂನಿಕೋಡಿನಲ್ಲಿ ಆರು ಸಂಕೇತಗಳು. ಒತ್ತುಗಳು ಕೆಳಗಿಳಿದು ಕೂಡಿಕೊಂಡರೆ ಮಾತ್ರ ಅಕ್ಷರ. ಆ ಜೋಡಣೆ ಅಲ್ಲಿ ನಡೆಯುವುದಿಲ್ಲ. ಸಹಾಯ ಬೇಕಾದ ಹೊತ್ತಿನಲ್ಲಿಯೇ ಕನ್ನಡ ಮಾಧ್ಯಮದ ಮಗು ಇಂಗ್ಲಿಷ್ ಸಾಲುಗಳೆದುರು ಒಂಟಿಯಾಗುತ್ತದೆ.

ನಿಮ್ಮಲ್ಲಿ ಈ ವೃತ್ತಿಯಲ್ಲಿರುವವರು ಬಿಡುವಾದಾಗ ಒಂದು ಪುಟ ಬರೆಯಿರಿ: ಕಪ್ಪು ಪರದೆ ಬಂದರೆ ಯಾವ ಕೀಲಿ, ಯಾವ ಕಡತ, ಯಾವ ಆದೇಶ ಎಂದು ತಿಳಿಗನ್ನಡದಲ್ಲಿ. ಅದನ್ನು ಕಾಗದದ ಮೇಲೆಯೇ ಮುದ್ರಿಸಿ ನಿಮ್ಮೂರಿನ ಶಾಲೆಗೆ ಕಳುಹಿಸಿ. ಗಣಕಕೊಠಡಿಯ ಗೋಡೆಗೆ ಅಂಟಿಸಿಕೊಳ್ಳಲಿ.