ನಿಧಿ ಸಿಕ್ಕವನ ಬಾಯಿ ಬಿಡಿಸಿದ ಕಾಯ್ದೆ

ಮೆಟಲ್ ಡಿಟೆಕ್ಟರ್ ಹಿಡಿದು ಹೊಲ ಅಲೆಯುವವರ ಮೇಲೆ ಪುರಾತತ್ವ ವಿದ್ವಾಂಸರಿಗಿರುವ ಸಿಟ್ಟು ಇಂದು ನಿನ್ನೆಯದಲ್ಲ. ಬ್ರಿಟನ್ನಿನಲ್ಲಿ ಅದು 1980ರ ಹೊತ್ತಿಗೆ ಒಂದು ಚಳವಳಿಯ ರೂಪವನ್ನೇ ಪಡೆಯಿತು. ‘ಸ್ಟಾಪ್’ ಎಂಬ ಹೆಸರಿಟ್ಟುಕೊಂಡ ಆ ಚಳವಳಿ ಈ ಹವ್ಯಾಸಿಗಳನ್ನು ನಾಡಿನ ಗತಕಾಲವನ್ನು ದೋಚುವವರೆಂದೇ ಕರೆಯಿತು. ಸಿಟ್ಟಿಗೆ ಕಾರಣ ಇಲ್ಲದಿರಲಿಲ್ಲ. ಮಣ್ಣಿನಿಂದ ಮೇಲೆ ಬಂದ ಚಿನ್ನದ ಉಂಗುರಕ್ಕೆ ಅಂಗಡಿಯಲ್ಲಿ ಬೆಲೆ ಇದ್ದೇ ಇರುತ್ತದೆ. ಇತಿಹಾಸಕ್ಕೆ ಬೇಕಾದದ್ದು ಬೇರೆ: ಅದು ಯಾವ ಜಾಗದಲ್ಲಿ, ಎಷ್ಟು ಆಳದಲ್ಲಿ, ಯಾವುದರ ಪಕ್ಕದಲ್ಲಿ ಬಿದ್ದಿತ್ತು ಎಂಬುದು. ಅಷ್ಟನ್ನೂ ಒಂದು ಗುದ್ದಲಿ ಏಟು ಅಳಿಸಿಹಾಕಬಲ್ಲದು. ಇದನ್ನು ಒಪ್ಪಿಕೊಂಡೂ ನನಗನಿಸುವುದು, ಇಂಗ್ಲೆಂಡಿನಲ್ಲಿ ಇತಿಹಾಸ ಕೈತಪ್ಪಿ ಹೋದದ್ದರಲ್ಲಿ ಯಂತ್ರಕ್ಕಿಂತ ಕಾನೂನಿನ ಪಾಲು ದೊಡ್ಡದು. ಸಿಕ್ಕವನು ಸುಮ್ಮನಿದ್ದರೆ ಲಾಭ, ಹೇಳಿಕೊಂಡರೆ ತಾಪತ್ರಯ ಎನ್ನುವಂಥ ಕಾನೂನು ಇದ್ದಷ್ಟು ದಿನ ನಿಧಿಗಳು ಕತ್ತಲಲ್ಲಿ ಕೈ ಬದಲಾಯಿಸಿದವು. ಕಾನೂನು ಬದಲಾದ ಮೇಲೆ ಅದೇ ಯಂತ್ರಗಳು ಮ್ಯೂಸಿಯಮ್ಮುಗಳನ್ನು ತುಂಬಿದವು.

ಯಂತ್ರ ಹುಟ್ಟಿದ್ದೇನೂ ನಿಧಿಗಾಗಿ ಅಲ್ಲ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಮೈಯಲ್ಲಿ ಹೊಕ್ಕ ಗುಂಡನ್ನು ಹುಡುಕಲು ಟೆಲಿಫೋನಿನ ಗ್ರಹಾಂ ಬೆಲ್ ಇಂಥದೊಂದು ಉಪಕರಣ ತಂದು ಸೋತ. ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಯೂಜೆಫ್ ಕೊಸಾಟ್ಸ್ಕಿ ಬ್ರಿಟನ್ನಿನಲ್ಲಿದ್ದು ರೂಪಿಸಿದ ಶೋಧಕ, 1942ರ ಎಲ್ ಅಲಮೇನ್ ಕದನದಲ್ಲಿ ನೆಲಬಾಂಬುಗಳ ನಡುವೆ ದಾರಿ ಬಿಡಿಸಿತು. ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಉಪಕರಣಗಳು ಪೇಟೆಗೆ ಬಂದವು, ಟ್ರಾನ್ಸಿಸ್ಟರು ಅವನ್ನು ಹಗುರ ಮಾಡಿತು, 1970ರ ದಶಕದಲ್ಲಿ ಸಾಮಾನ್ಯ ಸಂಬಳದ ಇಂಗ್ಲಿಷ್ ಗೃಹಸ್ಥನೂ ಒಂದನ್ನು ಕೊಂಡು ಭಾನುವಾರಗಳನ್ನು ಹೊಲದಲ್ಲಿ ಕಳೆಯಬಹುದಾಯಿತು. ಆ ಹೊಲದಲ್ಲಿ ಅವನಿಗಾಗಿ ಕಾದಿದ್ದದ್ದು ಮಧ್ಯಯುಗದ ಒಂದು ವಿಚಿತ್ರ ನಿಯಮ.

ಆ ನಿಯಮದ ಪ್ರಕಾರ ನೆಲದಲ್ಲಿ ಸಿಕ್ಕ ಚಿನ್ನ ಬೆಳ್ಳಿ ರಾಜನಿಗೆ ಸೇರಬೇಕಾದರೆ, ಅದನ್ನು ಹೂತವನಿಗೆ ಮತ್ತೆ ಬಂದು ತೆಗೆದುಕೊಳ್ಳುವ ಉದ್ದೇಶ ಇದ್ದಿರಬೇಕು. ಕಳೆದುಕೊಂಡದ್ದಾದರೆ, ಸತ್ತವರ ಜೊತೆ ಹೂತದ್ದಾದರೆ, ದೇವರಿಗೆ ಒಪ್ಪಿಸಿದ್ದಾದರೆ ಅದು ‘ನಿಧಿ’ಯೇ ಅಲ್ಲ. ಸಾವಿರ ವರ್ಷದ ಹಿಂದೆ ಸತ್ತವನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಕೊರೊನರ್, ಅಂದರೆ ಅನುಮಾನದ ಸಾವುಗಳ ವಿಚಾರಣೆ ನಡೆಸುವ ಅಧಿಕಾರಿ, ಜ್ಯೂರಿ ಕೂರಿಸಿಕೊಂಡು ತೀರ್ಮಾನಿಸಬೇಕಿತ್ತು. 1939ರಲ್ಲಿ ಸಟನ್ ಹೂ ದಿಬ್ಬದ ಉತ್ಖನನದಲ್ಲಿ ರಾಜವೈಭವದ ಹಡಗು ಸಮಾಧಿಯೊಂದು ಸಿಕ್ಕಾಗ ಜ್ಯೂರಿ ಅದು ನಿಧಿಯಲ್ಲವೆಂದಿತು. ಜಮೀನಿನ ಒಡತಿ ಈಡಿತ್ ಪ್ರೆಟಿ ಅಷ್ಟನ್ನೂ ಬ್ರಿಟಿಷ್ ಮ್ಯೂಸಿಯಮ್ಮಿಗೆ ದಾನ ಕೊಟ್ಟದ್ದರಿಂದ ನಾಡಿನ ಮಾನ ಉಳಿಯಿತು. ಲಿಂಕನ್‌ಷೈರಿನ ಕೋಲ್ಬಿಯಲ್ಲಿ ಸಿಕ್ಕ 7,811 ರೋಮನ್ ನಾಣ್ಯಗಳ ವಿಷಯದಲ್ಲಿ ನ್ಯಾಯಾಲಯ 1982ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅವುಗಳಲ್ಲಿ ಬೆಳ್ಳಿಯ ಅಂಶ ತೀರ ಕಡಿಮೆ, ಆದ್ದರಿಂದ ಅವು ನಿಧಿಯಲ್ಲ! ರೋಮ್ ಸಾಮ್ರಾಜ್ಯ ಮೂರನೇ ಶತಮಾನದಲ್ಲಿ ದಿವಾಳಿಯ ಅಂಚಿಗೆ ಬಂದು ನಾಣ್ಯಕ್ಕೆ ತಾಮ್ರ ಬೆರೆಸಿತ್ತು. ಅದೇ ಆ ನಾಣ್ಯಗಳು ಹೇಳುವ ಇತಿಹಾಸ; ಕಾನೂನಿನ ಕಣ್ಣಿಗೆ ಅದೇ ಅವುಗಳ ಕೊರತೆಯಾಯಿತು.

ಈ ಕಾನೂನು ಎಷ್ಟು ಕೆಟ್ಟದ್ದೆಂದು ತೋರಿಸಿಕೊಟ್ಟದ್ದು ಸರ್ರಿ ಪ್ರಾಂತದ ವಾನ್‌ಬರೋ. 1983ರಲ್ಲಿ ಅಲ್ಲಿ ಹವ್ಯಾಸಿಗಳಿಗೆ ಪುರಾತನ ನಾಣ್ಯಗಳು ಸಿಕ್ಕವು. ಅವರು ಪ್ರಾಮಾಣಿಕರು, ಅಧಿಕಾರಿಗಳಿಗೆ ತಿಳಿಸಿದರು. ಆದರೆ ವಿಚಾರಣೆ ಬಹಿರಂಗವಾಗಿ ನಡೆಯಬೇಕೆಂಬ ನಿಯಮದಿಂದಾಗಿ ಜಾಗದ ಹೆಸರು ಊರಿಗೆಲ್ಲ ತಿಳಿಯಿತು. ಮುಂದಿನ ಎರಡು ವರ್ಷ ರಾತ್ರಿಯ ಹೊತ್ತು ಗುಂಪುಗುಂಪಾಗಿ ಬಂದವರು ಒಂದು ರೋಮನ್ ಕಾಲದ ದೇಗುಲದ ನೆಲವನ್ನು ಬಗೆದುಹಾಕಿದರು. ಸಾವಿರಾರು ಕೆಲ್ಟಿಕ್ ನಾಣ್ಯಗಳು ಎಲ್ಲೆಲ್ಲಿಗೋ ಹೋದವು. ಸಿಕ್ಕಿಬಿದ್ದವರ ಮೇಲೆ ಹೂಡಿದ ಮೊಕದ್ದಮೆಗಳಿಗೂ ಈ ಕಾನೂನೇ ಅಡ್ಡಬಂತು. ಅವು ರಾಜನ ಸೊತ್ತೆಂದು ಸಾಬೀತಾಗದೆ ಕಳವೆನ್ನುವಂತಿಲ್ಲ, ದೇವರಿಗೆ ಹಾಕಿದ ನಾಣ್ಯವನ್ನು ಯಾರೂ ಮತ್ತೆ ತೆಗೆದುಕೊಳ್ಳುವ ಉದ್ದೇಶದಿಂದ ಹಾಕುವುದಿಲ್ಲ. ಒಂದು ಶಿಕ್ಷೆ ಮೇಲ್ಮನವಿಯಲ್ಲಿ ರದ್ದಾಯಿತು. ಇಲ್ಲಿ ಯಂತ್ರ ಮಾಡಿದ ಅನಾಹುತ ಯಾವುದು, ಕಾನೂನು ಮಾಡಿದ್ದು ಯಾವುದು ಎಂದು ಬಿಡಿಸಿ ನೋಡಬೇಕು. ಮೊದಲು ಯಂತ್ರ ಹಿಡಿದು ಬಂದವರು ಬಾಯಿ ಬಿಟ್ಟಿದ್ದರು. ಅದಕ್ಕೆ ಸಿಕ್ಕ ಫಲವನ್ನು ನೋಡಿದ ಯಾರೂ ಎರಡನೇ ಸಲ ಬಾಯಿ ಬಿಡುವಂತಿರಲಿಲ್ಲ.

ವಾನ್‌ಬರೋದ ನೋವಿನಿಂದ ಸರ್ರಿಯ ಪುರಾತತ್ವ ಸಂಘದವರು ಹಟ ಹಿಡಿದು ಓಡಾಡಿದ್ದರ ಫಲವೇ 1996ರ ಟ್ರೆಷರ್ ಆ್ಯಕ್ಟ್. ಹೂತವನ ಉದ್ದೇಶದ ಪ್ರಶ್ನೆಯನ್ನು ಅದು ಕೈಬಿಟ್ಟಿತು. 300 ವರ್ಷಕ್ಕಿಂತ ಹಳೆಯದಾಗಿ ನೂರಕ್ಕೆ ಹತ್ತು ಪಾಲು ಚಿನ್ನವೋ ಬೆಳ್ಳಿಯೋ ಇರುವ ವಸ್ತು ನಿಧಿ. ಸಿಕ್ಕ 14 ದಿನದೊಳಗೆ ತಿಳಿಸಬೇಕು. ಮ್ಯೂಸಿಯಂ ಬಯಸಿದರೆ ಸ್ವತಂತ್ರ ಸಮಿತಿಯೊಂದು ಮಾರುಕಟ್ಟೆಯ ಬೆಲೆ ಕಟ್ಟುತ್ತದೆ, ಆ ಹಣ ಸಾಮಾನ್ಯವಾಗಿ ಸಿಕ್ಕವನಿಗೂ ಜಮೀನಿನವನಿಗೂ ಸಮಪಾಲು. ಅನುಮತಿ ಇಲ್ಲದೆ ನುಗ್ಗಿ ಅಗೆದವನ ಪಾಲಿಗೆ ಕತ್ತರಿ. 1997ರಲ್ಲಿ ಇದರ ಜೊತೆಗೇ ಆರಂಭವಾದ ಇನ್ನೊಂದು ಯೋಜನೆ ನನ್ನ ದೃಷ್ಟಿಯಲ್ಲಿ ಕಾಯ್ದೆಗಿಂತಲೂ ದೊಡ್ಡದು. ನಿಧಿಯ ವ್ಯಾಖ್ಯೆಗೆ ಬಾರದ ಗುಂಡಿ, ಕೊಂಡಿ, ಮುರಿದ ಬಕಲುಗಳನ್ನೂ ಹವ್ಯಾಸಿಗಳು ತಾವಾಗಿ ತಂದು ತೋರಿಸಿ, ಜಾಗ ಬರೆಸಿ, ಮನೆಗೆ ಒಯ್ಯುವ ಏರ್ಪಾಡು ಅದು. ಪ್ರಾಂತಗಳಲ್ಲಿ ಅದಕ್ಕಾಗಿಯೇ ಪುರಾತತ್ವ ಬಲ್ಲ ಅಧಿಕಾರಿಗಳನ್ನು ನೇಮಿಸಿದರು. ಹೀಗೆ ದಾಖಲಾದ ವಸ್ತುಗಳು 15 ಲಕ್ಷವನ್ನು ದಾಟಿವೆ. ಹಳೆಯ ಕಾನೂನಿನಲ್ಲಿ ವರ್ಷಕ್ಕೆ ಸುಮಾರು 25 ಇದ್ದ ನಿಧಿ ಪ್ರಕರಣಗಳು ಈಗ ಸಾವಿರಕ್ಕೂ ಹೆಚ್ಚು. ನೆಲದೊಳಗಿನ ಚಿನ್ನ ದಿಢೀರನೆ ನಲವತ್ತು ಪಟ್ಟು ಆಗಲಿಲ್ಲ.

ಸರಿಯಾದ ಬೆಲೆ ಕೊಟ್ಟರೆ ಜನ ಹೇಳುತ್ತಾರೆ ಎಂಬುದಕ್ಕೆ ಸಾಕ್ಷಿ ಕಾಯ್ದೆಗಿಂತ ಮೊದಲೇ ದೊರೆತಿತ್ತು. 1992ರ ನವೆಂಬರಿನಲ್ಲಿ ಸಫೋಕ್‌ನ ಹಾಕ್ಸನ್ ಹಳ್ಳಿಯಲ್ಲಿ ಎರಿಕ್ ಲಾಸ್ ಎಂಬಾತ ರೈತ ಗೆಳೆಯನ ಕಳೆದುಹೋದ ಸುತ್ತಿಗೆ ಹುಡುಕುತ್ತ ರೋಮನ್ ಕಾಲದ ಚಿನ್ನದ ಸರ, ಬೆಳ್ಳಿಯ ಚಮಚ, ಸುಮಾರು 15 ಸಾವಿರ ನಾಣ್ಯಗಳ ರಾಶಿಯನ್ನು ಮುಟ್ಟಿದ. ಒಂದಿಷ್ಟು ತೆಗೆದವನು ಅಲ್ಲಿಗೇ ನಿಲ್ಲಿಸಿ ತಿಳಿಸಿದ. ಹಾಗೆ ನಿಲ್ಲಿಸಿದ್ದರಿಂದಲೇ ಅವೆಲ್ಲ ಒಂದು ಮರದ ಪೆಟ್ಟಿಗೆಯಲ್ಲಿ, ಒಳಗೆ ಚಿಕ್ಕ ಚಿಕ್ಕ ಸಂಪುಟಗಳಲ್ಲಿ ಜೋಡಿಸಿಟ್ಟಿದ್ದವೆಂಬುದು ಗೊತ್ತಾಯಿತು. ಅದರಲ್ಲೊಂದು ರೋಮನ್ ರಾಣಿಯ ಆಕಾರದ ಬೆಳ್ಳಿಯ ಮೆಣಸಿನ ಕರಡಿಗೆ. ಅದರೊಳಗಿನ ಕರಿಮೆಣಸು ಬರುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯ ಕಡೆಯಿಂದಲೇ. ನಿಧಿಗೆ 17.5 ಲಕ್ಷ ಪೌಂಡ್ ಬೆಲೆ ಬಂತು, ಲಾಸ್ ಅದನ್ನು ರೈತನೊಡನೆ ಹಂಚಿಕೊಂಡ. ಸುತ್ತಿಗೆಯೂ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಆದರೂ ಎಲ್ಲರೂ ಹೇಳುವುದಿಲ್ಲ ಎಂಬ ಆಕ್ಷೇಪ ಇದ್ದೇ ಇದೆ. 2015 ಅದಕ್ಕೆ ಪುಷ್ಟಿ ಕೊಡುವ ವರ್ಷ. ಹಿಯರ್‌ಫರ್ಡ್‌ಷೈರಿನ ಲೆಮ್‌ಸ್ಟರ್ ಬಳಿ ಇಬ್ಬರಿಗೆ ವೈಕಿಂಗ್ ಕಾಲದ ಚಿನ್ನದ ಕಡಗ, ಉಂಗುರ, ಸ್ಫಟಿಕದ ಪದಕ ಮತ್ತು ಸುಮಾರು 300 ನಾಣ್ಯಗಳು ಸಿಕ್ಕವು. ಅವರು ಬಚ್ಚಿಟ್ಟು ಮಾರಿದರು. 2019ರಲ್ಲಿ ಜೈಲಿಗೆ ಹೋದರು. ವಾಪಸು ಬಂದದ್ದು ಒಡವೆಗಳು ಮತ್ತು ಮೂವತ್ತು ಚಿಲ್ಲರೆ ನಾಣ್ಯ ಮಾತ್ರ. ಅದೇ ವರ್ಷ ಆಕ್ಸ್‌ಫರ್ಡ್‌ಷೈರಿನ ವಾಟ್ಲಿಂಗ್ಟನ್ ಬಳಿ ಅದೇ ಕಾಲದ ಸುಮಾರು 200 ನಾಣ್ಯಗಳ ನಿಧಿ ಇನ್ನೊಬ್ಬ ಹವ್ಯಾಸಿಗೆ ಸಿಕ್ಕಿತು. ಆತ ಗುಂಡಿ ಮುಚ್ಚಿ ತಿಳಿಸಿದ. ತಜ್ಞರು ಅದನ್ನು ಮಣ್ಣಿನ ಹೆಂಟೆಯ ಸಮೇತ ಎತ್ತಿ ಪ್ರಯೋಗಾಲಯಕ್ಕೆ ಒಯ್ದರು, ಆಶ್ಮೋಲಿಯನ್ ಮ್ಯೂಸಿಯಂ 13.5 ಲಕ್ಷ ಪೌಂಡಿಗೆ ಕೊಂಡಿತು. ಆ ನಾಣ್ಯಗಳು ಹೇಳಿದ ಸುದ್ದಿ ಸಣ್ಣದಲ್ಲ. ವೆಸೆಕ್ಸ್‌ನ ಆಲ್ಫ್ರೆಡ್ ದೊರೆಯೂ ಮರ್ಸಿಯಾದ ಚೆಯೊಲ್‌ವುಲ್ಫ್ ದೊರೆಯೂ ಒಂದೇ ಅಚ್ಚಿನ, ಇಬ್ಬರು ಚಕ್ರವರ್ತಿಗಳು ಅಕ್ಕಪಕ್ಕ ಕುಳಿತ ನಾಣ್ಯ ಹೊರಡಿಸಿದ್ದರು. ಆಲ್ಫ್ರೆಡ್‌ನ ಕಡೆಯವರು ಬರೆದ ವೃತ್ತಾಂತ ಚೆಯೊಲ್‌ವುಲ್ಫ್‌ನನ್ನು ವೈಕಿಂಗರ ಕೈಗೊಂಬೆ ಎಂದು ತಳ್ಳಿಹಾಕಿದೆ. ನಾಣ್ಯ ನೋಡಿದರೆ ಅವನು ಮಿತ್ರ, ಸಮಾನ. ಗೆದ್ದವರ ಪಂಡಿತರು ಬರೆದ ಸುಳ್ಳನ್ನು ಹೊಲದ ಮಣ್ಣು ಹೊರಹಾಕಿತು. ಲೆಮ್‌ಸ್ಟರಿನ ಇಬ್ಬರು ಹೇಳಿಕೊಂಡಿದ್ದರೆ ಕಾನೂನುಬದ್ಧವಾಗಿಯೇ ದೊಡ್ಡ ಪಾಲು ಪಡೆಯಬಹುದಿತ್ತು. ಯಾವ ಕಾಯ್ದೆಯೂ ದುರಾಸೆಯನ್ನು ಪೂರ್ತಿ ಅಳಿಸುವುದಿಲ್ಲ. ಹಳೆಯ ಕಾನೂನು ದುರಾಸೆ ಇಲ್ಲದವನನ್ನೂ ಸುಮ್ಮನಾಗಿಸುತ್ತಿತ್ತು ಎಂಬುದೇ ವ್ಯತ್ಯಾಸ.

ಬಹುಮಾನ ಕೊಡುವುದೆಂದರೆ ಪರಂಪರೆಯನ್ನು ಲಾಟರಿ ಮಾಡಿದಂತೆ ಎನ್ನುವವರಿಗೆ ನನ್ನ ಉತ್ತರ ಅರ್ಧ ಒಪ್ಪಿಗೆ. 2009ರ ಸ್ಟಾಫರ್ಡ್‌ಷೈರ್ ನಿಧಿಗೆ, ಸುಮಾರು 5 ಕಿಲೋ ತೂಗುವ ಆಂಗ್ಲೋ-ಸ್ಯಾಕ್ಸನ್ ಚಿನ್ನಕ್ಕೆ, 32.85 ಲಕ್ಷ ಪೌಂಡ್ ಬಂದಾಗ ಆಸೆಯಿಂದ ಯಂತ್ರ ಕೊಂಡವರು ಇದ್ದೇ ಇರುತ್ತಾರೆ. ಆದರೆ ಆ ಚಿನ್ನ ಸಿಕ್ಕದ್ದು ಉಳುಮೆಯ ಪದರದಲ್ಲಿ, ಚೆಲ್ಲಾಪಿಲ್ಲಿಯಾಗಿ. ನೇಗಿಲು ಆಗಲೇ ಅದರ ನೆಲೆಯನ್ನು ಕೆಡಿಸಿತ್ತು. ಯಾರೂ ಹುಡುಕದಿದ್ದರೆ ಇನ್ನಷ್ಟು ಉಳುಮೆಗಳಲ್ಲಿ ಚೂರುಚೂರಾಗುತ್ತಿತ್ತು. ಕೆಡದ ನೆಲೆಗಳ ಮಾತು ಬೇರೆ. ಅಲ್ಲಿ ಯಂತ್ರಕ್ಕೆ ಪ್ರವೇಶವೇ ಇರಬಾರದು, ಸಂರಕ್ಷಿತ ಜಾಗಗಳ ಮಟ್ಟಿಗೆ ಬ್ರಿಟನ್ನಿನ 1979ರ ಕಾನೂನು ಹಾಗೆಯೇ ಹೇಳುತ್ತದೆ. ಹೊಸ ಕಾಯ್ದೆಯ ನಿಜವಾದ ದೋಷ ಬೇರೆ ಕಡೆ ಇತ್ತು: ಅದರ ಕಣ್ಣೂ ಚಿನ್ನ ಬೆಳ್ಳಿಯ ಮೇಲೆಯೇ. 2010ರಲ್ಲಿ ಕ್ರಾಸ್ಬಿ ಗ್ಯಾರೆಟ್‌ನಲ್ಲಿ ಸಿಕ್ಕ ಅಪೂರ್ವ ರೋಮನ್ ಶಿರಸ್ತ್ರಾಣ ತಾಮ್ರದ ಮಿಶ್ರಲೋಹದ್ದೆಂಬ ಕಾರಣಕ್ಕೆ ನಿಧಿಯಾಗಲಿಲ್ಲ. ಹರಾಜಿನಲ್ಲಿ 22 ಲಕ್ಷ ಪೌಂಡಿಗೂ ಹೆಚ್ಚಿಗೆ ಖಾಸಗಿಯವರ ಪಾಲಾಯಿತು. ಲೋಹ ಯಾವುದೇ ಇರಲಿ, ಮಹತ್ವವಿದ್ದರೆ ನಿಧಿ ಎಂಬ ತಿದ್ದುಪಡಿ ಬರಲು 2023 ಬೇಕಾಯಿತು.

ಇಂಗ್ಲೆಂಡಿನ ಈ ಮಾದರಿಯನ್ನು ಹಾಗೆಯೇ ಎತ್ತಿ ಇಲ್ಲಿಗೆ ತರಲಾಗದು. ಅಲ್ಲಿನ ಹವ್ಯಾಸಿ ಖಾಲಿ ಹೊಲಕ್ಕೆ ಹೋಗುತ್ತಾನೆ; ನಮ್ಮ ನಿಧಿಗಳ್ಳ ನೇರವಾಗಿ ಗರ್ಭಗುಡಿಗೆ, ವೀರಗಲ್ಲಿನ ಬುಡಕ್ಕೆ. 2019ರ ಜುಲೈಯಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಯರ ವೃಂದಾವನವನ್ನು ಒಡೆದುಹಾಕಿದ್ದು ಹವ್ಯಾಸಿಗಳ ಕೆಲಸವಲ್ಲ, ಅಂಥವರಿಗೆ ಜೈಲೇ ಮದ್ದು. ಆದರೆ ನಮ್ಮಲ್ಲಿ ನಿಜವಾದ ನಿಧಿಗಳು ಎದ್ದುಬಂದದ್ದು ಬಹುಪಾಲು ಬದುಕಿನ ಕೆಲಸದ ನಡುವೆ. 1891ರಲ್ಲಿ ಯಶವಂತಪುರದ ಬಳಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕದ್ದು ನೆಲ ಅಗೆಯುವಾಗ. 1946ರಲ್ಲಿ ರಾಜಸ್ಥಾನದ ಬಯಾನಾ ಬಳಿ ಹಳ್ಳಿಯವರಿಗೆ ತಾಮ್ರದ ಕೊಡವೊಂದರಲ್ಲಿ ಗುಪ್ತರ ಚಿನ್ನದ ನಾಣ್ಯಗಳು ಸಿಕ್ಕಾಗ 1,821 ಉಳಿದವು, ಮಿಕ್ಕವು ಸರ್ಕಾರದ ಕೈಗೆ ಬರುವ ಮೊದಲೇ ಕರಗಿದ್ದವು. ಕರಗಿಸುವುದಕ್ಕೆ ಕಾನೂನಿನಲ್ಲೇ ಒಂದು ಪ್ರೇರಣೆ ಇತ್ತು. ತನ್ನ ನಾಡಿನಲ್ಲಿ ನಿಧಿಯೆಲ್ಲ ರಾಣಿಯದೆನ್ನುತ್ತಿದ್ದ ಬ್ರಿಟಿಷ್ ಆಡಳಿತ 1878ರಲ್ಲಿ ಭಾರತಕ್ಕೆ ಬರೆದ ಕಾಯ್ದೆ, ನೋಡಿದರೆ ಉದಾರವೇ: ಮೂಲ ಒಡೆಯ ಯಾರೂ ಇಲ್ಲದಾಗ, ಬೇರೆ ಒಪ್ಪಂದವಿಲ್ಲದಿದ್ದರೆ, ಸಿಕ್ಕವನಿಗೆ ಮುಕ್ಕಾಲು, ಜಮೀನಿನವನಿಗೆ ಕಾಲು. ಆದರೆ ಸರ್ಕಾರ ತಾನೇ ಅದನ್ನು ತೆಗೆದುಕೊಂಡರೆ ಕೊಡುವುದು ಲೋಹದ ಬೆಲೆ, ಅದರ ಮೇಲೆ ಐದನೇ ಒಂದು ಪಾಲು. ಸಮುದ್ರಗುಪ್ತನ ನಾಣ್ಯಕ್ಕೂ ಅಷ್ಟೇ ತೂಕದ ಚಿನ್ನದ ತುಣುಕಿಗೂ ಒಂದೇ ದರ! ಅಕ್ಕಸಾಲಿಗನೂ ಹೆಚ್ಚುಕಡಿಮೆ ಅಷ್ಟೇ ಕೊಡುತ್ತಾನೆ, ಪ್ರಶ್ನೆ ಕೇಳುವುದಿಲ್ಲ. ಕರ್ನಾಟಕಕ್ಕೆ 1962ರ ಪ್ರತ್ಯೇಕ ನಿಧಿ ಕಾಯ್ದೆ ಇದೆ. ಅದನ್ನು ತಿದ್ದುವ ದಿನ ಬಂದರೆ ಪೊಲೀಸರ ಅಧಿಕಾರಕ್ಕಿಂತ ಮೊದಲು ಬೆಲೆ ಕಟ್ಟುವ ಬಗೆಯನ್ನು ಶಾಸಕರು ನೋಡಬೇಕು. ಅಲ್ಲಿಯವರೆಗೆ, ಪಾಯ ತೋಡುವಾಗ ಗುದ್ದಲಿಗೆ ಕುಡಿಕೆ ತಾಗಿದರೆ ಅಲ್ಲಿಗೇ ನಿಲ್ಲಿಸಿ, ಕುಡಿಕೆಯನ್ನು ಇದ್ದಲ್ಲೇ ಬಿಟ್ಟು, ತಹಶೀಲ್ದಾರರಿಗೆ ತಿಳಿಸಿ.