ಮ್ಯಾಥ್ಯೂ ಸ್ಟ್ರೀಟಿನ ನೆಲಮಾಳಿಗೆ

ಬೀಟಲ್ಸ್ ಅಭಿಮಾನಿಗೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅವಕಾಶ ಸಿಕ್ಕರೆ, 1965ರ ಶಿಯಾ ಸ್ಟೇಡಿಯಂ ಬೇಡ. ಅಲ್ಲಿ 55,000 ಜನರ ಕಿರುಚಾಟದಲ್ಲಿ ಹಾಡೇ ಸರಿಯಾಗಿ ಕೇಳಿಸಲಿಲ್ಲ. ಹೋಗಬೇಕಾದ್ದು 1961ರ ಲಿವರ್‌ಪೂಲಿಗೆ, ಮ್ಯಾಥ್ಯೂ ಸ್ಟ್ರೀಟಿನ ಕ್ಯಾವರ್ನ್ ಕ್ಲಬ್ಬಿಗೆ, ಅದೂ ಮಧ್ಯಾಹ್ನದ ಊಟದ ಹೊತ್ತಿಗೆ.

ಗೋದಾಮಿನ ಕೆಳಗಿನ ನೆಲಮಾಳಿಗೆ ಅದು. ಮೆಟ್ಟಿಲಿಳಿದರೆ ಇಟ್ಟಿಗೆಯ ಕಮಾನುಗಳು. ಜನರ ಉಸಿರು, ಬೆವರಿನ ಹಬೆಯೆಲ್ಲ ಗೋಡೆಯ ಮೇಲೆ ನೀರಾಗಿ ಇಳಿಯುತ್ತಿತ್ತು. ಮದ್ಯ ಸಿಗುತ್ತಿರಲಿಲ್ಲ. ಸುತ್ತಲಿನ ಆಫೀಸು, ಅಂಗಡಿಗಳ ಹುಡುಗ ಹುಡುಗಿಯರು ಊಟದ ಬಿಡುವಿನಲ್ಲಿ ಓಡಿ ಬರುತ್ತಿದ್ದರು. 1957ರಲ್ಲಿ ಜಾಝ್‌ಗೆಂದೇ ಶುರುವಾದ ಆ ಜಾಗದಲ್ಲಿ ಬೀಟಲ್ಸ್ ಹುಡುಗರು ಚರ್ಮದ ಜಾಕೆಟ್ ತೊಟ್ಟು, ವೇದಿಕೆಯ ಮೇಲೇ ತಿನ್ನುತ್ತಾ, ಮುಂದಿನ ಸಾಲಿನವರ ಜೊತೆ ಹರಟುತ್ತಾ ರಾಕ್ ಅಂಡ್ ರೋಲ್ ನುಡಿಸಿದರು. ಹ್ಯಾಂಬರ್ಗಿನ ಕ್ಲಬ್ಬುಗಳಲ್ಲಿ ರಾತ್ರಿಗಟ್ಟಲೆ ನುಡಿಸಿ ಪಳಗಿದ ಕೈಗಳವು. ಡ್ರಮ್ಸ್ ಮುಂದೆ ಕೂತಿದ್ದವರು ಪೀಟ್ ಬೆಸ್ಟ್. ರಿಂಗೊ ಸ್ಟಾರ್ ತಂಡ ಸೇರಿದ್ದು 1962ರ ಆಗಸ್ಟಿನಲ್ಲಿ.

ರೆಕಾರ್ಡ್ ಅಂಗಡಿ ನಡೆಸುತ್ತಿದ್ದ ಬ್ರಯನ್ ಎಪ್‌ಸ್ಟೀನ್ 1961ರ ನವೆಂಬರ್ 9ರ ಮಧ್ಯಾಹ್ನ ಇಲ್ಲಿಗೆ ಬಂದರು. ಮುಂದೆ ಅವರೇ ತಂಡದ ಮ್ಯಾನೇಜರ್ ಆದರು.

1973ರಲ್ಲಿ ರೈಲ್ವೆ ಕಾಮಗಾರಿಗಾಗಿ ಕ್ಲಬ್ ಮುಚ್ಚಿಸಿ ನೆಲಮಾಳಿಗೆಯನ್ನು ಹೂತುಬಿಟ್ಟರು. ಲಿವರ್‌ಪೂಲಿಗೆ ಅದು ದೊಡ್ಡ ನಷ್ಟವೇ. 1984ರಲ್ಲಿ ಹಳೆಯ ಇಟ್ಟಿಗೆಗಳನ್ನೂ ಬಳಸಿ ಅದೇ ಬೀದಿಯಲ್ಲಿ ಮತ್ತೆ ಕಟ್ಟಿದರು. 1999ರ ಡಿಸೆಂಬರಿನಲ್ಲಿ ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಅಲ್ಲಿಗೆ ಬಂದು ಹಾಡಿದರು.