ಉಸಿರು ಎಂಬ ಪದ

ಕನ್ನಡದಲ್ಲಿ ಉಸಿರು ಎಂಬ ಪದಕ್ಕೆ ಬಿಡುವಿಲ್ಲದ ದುಡಿಮೆ. ದುಃಖಕ್ಕೆ ನಿಟ್ಟುಸಿರು, ದಣಿವಿಗೆ ಏದುಸಿರು, ಸಾವಿಗೆ ಕೊನೆಯುಸಿರು. ಸುಮ್ಮನಿದ್ದವನು ಉಸಿರೆತ್ತಲಿಲ್ಲ ಎನ್ನುತ್ತೇವೆ, ಗುಟ್ಟನ್ನು ಕಿವಿಯಲ್ಲಿ ಉಸುರುತ್ತೇವೆ. ಹಳಗನ್ನಡದಲ್ಲಿ ಉಸಿರ್ ಎಂದರೆ ಹೇಳು ಎಂದೂ ಅರ್ಥ. ಹೀಗೆ ಗಾಳಿ, ಮಾತು, ಜೀವ ಮೂರನ್ನೂ ಈ ಪದ ಹೊತ್ತು ಬಂದಿದೆ.

ವಿಜ್ಞಾನದ ಪಾಠ ಈ ಪದವನ್ನು ಎದೆಯಿಂದ ಜೀವಕೋಶಕ್ಕೆ ಇಳಿಸಿತು. ಕೋಶಕ್ಕೆ ಮೂಗಿಲ್ಲ, ಆದರೂ ಅದು ಉಸಿರಾಡುತ್ತದೆ ಎನ್ನುವುದು ಅಲಂಕಾರದ ಮಾತಲ್ಲ. ಎದೆಯ ಏರಿಳಿತ ಗಾಳಿಯ ಸಾಗಣೆಯಷ್ಟೇ. ಉಸಿರಿನ ಫಲ ದಕ್ಕುವುದು ಕೋಶದಲ್ಲಿ.

ಅಲ್ಲಿ ಗ್ಲೂಕೋಸ್ ಮೊದಲು ಎರಡು ಪೈರುವೇಟ್ ಆಗಿ ಒಡೆಯುತ್ತದೆ. ಆಗ ಕೈಗೆ ಉಳಿಯುವುದು ಎರಡೇ ಎಟಿಪಿ, ಅಂದರೆ ಕೋಶ ಶಕ್ತಿಗಾಗಿ ಬಳಸುವ ಅಣು. ಮುಂದಿನ ಕೆಲಸ ಕೋಶದೊಳಗಿನ ಪುಟ್ಟ ಅಂಗವಾದ ಮೈಟೊಕಾಂಡ್ರಿಯಾದ್ದು. 1937ರಲ್ಲಿ ಹ್ಯಾನ್ಸ್ ಕ್ರೆಬ್ಸ್ ಗುರುತಿಸಿದ ಚಕ್ರದಲ್ಲಿ ಇಂಗಾಲ ಕಳಚಿಕೊಂಡು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ನಾವು ಹೊರಬಿಡುವ ಉಸಿರಿನಲ್ಲಿ ಉಂಡ ಮುದ್ದೆಯ ಇಂಗಾಲವೂ ಇದೆ! ಆಹಾರದಿಂದ ಬಿಡಿಸಿಕೊಂಡ ಎಲೆಕ್ಟ್ರಾನುಗಳು ಮೈಟೊಕಾಂಡ್ರಿಯಾದ ಒಳಪೊರೆಯ ಪ್ರೋಟೀನುಗಳ ಸಾಲಿನಲ್ಲಿ ದಾಟುತ್ತ ಹೋದಂತೆ ಪ್ರೋಟಾನುಗಳು ಪೊರೆಯಾಚೆ ಒಟ್ಟಾಗುತ್ತವೆ. ಅಣೆಕಟ್ಟಿನ ನೀರು ಟರ್ಬೈನನ್ನು ತಿರುಗಿಸುವ ಹಾಗೆ, ಅವು ಮರಳಿ ಬರುವಾಗ ಒಂದು ಕಿಣ್ವವನ್ನು ತಿರುಗಿಸಿ ಎಟಿಪಿ ಮಾಡಿಸುತ್ತವೆ. ಪ್ರೋಟಾನುಗಳ ಈ ಪಾತ್ರವನ್ನು ಪೀಟರ್ ಮಿಚೆಲ್ 1961ರಲ್ಲಿ ಮುಂದಿಟ್ಟಾಗ ಒಪ್ಪಿದವರು ಕಡಿಮೆ. 1978ರಲ್ಲಿ ಅದಕ್ಕೆ ನೊಬೆಲ್ ಬಂತು. ಒಂದು ಗ್ಲೂಕೋಸಿಗೆ ಒಟ್ಟು ಸುಮಾರು 30 ಎಟಿಪಿ. ಸಾಲಿನ ತುದಿಯಲ್ಲಿ ಎಲೆಕ್ಟ್ರಾನುಗಳನ್ನು ಆಮ್ಲಜನಕ ಪಡೆದು ನೀರಾಗುತ್ತದೆ.

ಸಯನೈಡ್ ಕೊಲ್ಲುವುದು ಈ ತುದಿಯನ್ನೇ ತಡೆದು. ರಕ್ತದಲ್ಲಿ ಆಮ್ಲಜನಕ ಸಾಕಷ್ಟಿರುತ್ತದೆ, ಕೋಶಕ್ಕೆ ಅದನ್ನು ಬಳಸಲಾಗುವುದಿಲ್ಲ. ಉಸಿರು ಕಟ್ಟುವುದು ಎಂಬ ಮಾತಿಗೆ ಇದಕ್ಕಿಂತ ಆಳದ ಅರ್ಥವಿಲ್ಲ. ನೀರು ನಿಂತ ತೋಟದಲ್ಲಿ ಬೇರಿಗೂ ಆಮ್ಲಜನಕವಿಲ್ಲದೆ ಉಸಿರು ಕಟ್ಟುತ್ತದೆ, ಗಿಡ ಬಾಡುತ್ತದೆ.

ಇನ್ನೂ ಮುಂದೆ ಹೋದರೆ, ಗಾಳಿಯಿಲ್ಲದೆ ಸಕ್ಕರೆಯನ್ನು ಒಡೆದು ಬದುಕುವ ಯೀಸ್ಟಿನ ಕೆಲಸವನ್ನೂ ಶಾಲೆಯ ಪುಸ್ತಕ 'ಆಮ್ಲಜನಕರಹಿತ ಉಸಿರಾಟ' ಎಂದೇ ಕರೆಯುತ್ತದೆ. ಅಲ್ಲಿ ಪದದಿಂದ ಗಾಳಿ ಪೂರ್ತಿ ಕಳಚಿತು, ಜೀವ ಮಾತ್ರ ಉಳಿಯಿತು. ನನಗೆ ಇದು ಪದಕ್ಕಾದ ನಷ್ಟವೆನಿಸುವುದಿಲ್ಲ. ಉಸಿರೆಂದರೆ ಪ್ರಾಣ ಎಂದು ನಮ್ಮ ಹಿರಿಯರು ಕೋಶವನ್ನು ಕಾಣದೆಯೇ ಹೇಳಿದ್ದರು. ಆ ಅರ್ಥ ಪ್ರಯೋಗಾಲಯದಲ್ಲೂ ಗಟ್ಟಿಯಾಗಿ ನಿಂತಿದೆ. ಹಾಗಾಗಿ ಮಕ್ಕಳಿಗೆ ಉಸಿರಾಟದ ಪಾಠ ಮೂಗಿನಿಂದ ಶುರುವಾಗಲಿ, ಮೂಗಿನಲ್ಲೇ ಮುಗಿಯದಿರಲಿ. ಮೊಳೆಯುವ ಹೆಸರುಕಾಳೂ ಉಸಿರಾಡುತ್ತದೆ ಎಂದು ತಿಳಿದ ಮಗುವಿಗೆ ಈ ಪದ ತನ್ನ ಪೂರ್ಣ ಅರ್ಥದಲ್ಲಿ ದಕ್ಕಿದಂತೆ.